ಅಕ್ಕನ ಗುಳಿಗೆ, ನಮ್ಮ ಪುಂಡಿಪಲ್ಯ

“ಮನ್ಯಾಗ ಏನ್ ಉಣ್ತೀರಿ?”

ರಾಯಚೂರಿನಲ್ಲಿ ಡಾಕ್ಟರೊಬ್ಬರು ನಮ್ಮ ಅಕ್ಕನನ್ನು ಹೀಗೆ ಕೇಳಿದಾಗ ಅವಳಿಗೆ ಹೃದಯದ ಆಪರೇಷನ್ ಆಗಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷದಲ್ಲಿ ಅವಳ ರಕ್ತ ಎಷ್ಟು ಸಲ ತೆಗೆದಿದ್ದಾರೋ ಲೆಕ್ಕವಿಲ್ಲ. ಗುಳಿಗೆಯನ್ನು ಅರ್ಧ ಮಾಡಿದ್ದಾರೆ, ಮುಕ್ಕಾಲು ಮಾಡಿದ್ದಾರೆ, ಒಂದೂವರೆ ಮಾಡಿದ್ದಾರೆ. ಉಣ್ಣೋದು ಏನು ಅಂತ ಕೇಳಿದವರು ಇವರೇ ಮೊದಲು.

ಅಕ್ಕ ನನ್ನ ಮುಖ ನೋಡಿದಳು. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದಂತೆ.

“ರೊಟ್ಟಿ, ಪಲ್ಯ ರೀ.”

“ಯಾವ ಪಲ್ಯ?”

“ಮಳಿಗಾಲ ಅಲ್ರೀ, ಪುಂಡಿಪಲ್ಯ ದಿನಾ ಇರ್ತೈತಿ. ಹೊಲದಾಗಿನ ರಾಜಗಿರಿ, ಹಕ್ಕರಕಿ. ನುಗ್ಗಿ ತಪ್ಪಲಾನೂ ಮಾಡ್ತೀನ್ರೀ.”

“ಬೆಂಗಳೂರಾಗ ಇದ್ದಾಗ?”

“ಅಲ್ಲಿ ಎಲ್ಲೀ ತಪ್ಪಲ ರೀ. ಅನ್ನ, ಸಾರು. ಒಮ್ಮೊಮ್ಮೆ ಬದ್ನಿಕಾಯಿ, ಆಲೂಗಡ್ಡಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಇದನ್ನ ಮೊದ್ಲ ಹೇಳಬಾರದೇನವಾ” ಅಂದರು. ಕೇಳಿದ್ದರೆ ಹೇಳುತ್ತಿದ್ದಳು. ಆ ಮಾತನ್ನು ನಾನು ಆಡಲಿಲ್ಲ, ಕೇಳಿದ ಪುಣ್ಯಾತ್ಮ ಅವರೊಬ್ಬರೇ ಆಗಿದ್ದರಲ್ಲ.

ನಮ್ಮ ತವರು ಮಾನ್ವಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಊರು. ಅಕ್ಕನನ್ನು ಕೊಟ್ಟಿದ್ದು ದೇವದುರ್ಗ ತಾಲೂಕಿಗೆ, ಮಳೆ ನಂಬಿದ ಜೋಳ, ತೊಗರಿಯ ಹೊಲಕ್ಕೆ. ಸುಗ್ಗಿ ಮುಗಿದ ಮೇಲೆ ಅವಳ ಗಂಡನ ಮನೆಯವರು ಗುಳೆ ಹೋಗುತ್ತಾರೆ. ಬೆಂಗಳೂರಿನ ಹೊರಗಡೆ ಕಟ್ಟಡದ ಕೆಲಸ, ತಗಡಿನ ಶೆಡ್ಡು. ಯುಗಾದಿಗೆ ಒಮ್ಮೆ ಬಂದು ಮತ್ತೆ ಹೋಗಿ, ಮಳೆ ಬಿದ್ದ ಮೇಲೆ ಪೂರ್ತಿ ವಾಪಸ್ಸು. ದೇವದುರ್ಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಕ್ಕನಿಗೆ ಚಿಕ್ಕವಳಿದ್ದಾಗ ಗಂಟಲು ನೋವು ಬಂದು ಹೋಗಿತ್ತು. ಆಮೇಲೆ ಮೊಣಕಾಲು, ಮೊಣಕೈ ಬಾತವು. ಅವ್ವ ಎಣ್ಣೆ ತಿಕ್ಕಿದಳು, ಬಾವು ಇಳಿಯಿತು. ಅದು ಕೀಲಿನ ಬಾವು ಅಲ್ಲ, ಸಂಧಿವಾತದ ಜ್ವರ, ಕೀಲನ್ನು ಬಿಟ್ಟು ಹೋಗುವಾಗ ಹೃದಯದ ಕವಾಟವನ್ನು ಕಚ್ಚಿಕೊಂಡು ಹೋಗುತ್ತದೆ ಎಂದು ನಮಗೆ ಗೊತ್ತಾಗಿದ್ದು ಅವಳ ಮಗಳು ಹುಟ್ಟಿದ ಮೇಲೆ. ಮಕ್ಕಳಿಗೆ ಗಂಟಲು ನೋವಿನ ಹಿಂದೆಯೇ ಕೀಲು ಬಾತರೆ ದಯವಿಟ್ಟು ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ. ಹೊತ್ತಿಗೆ ಸರಿಯಾಗಿ ಗೊತ್ತಾದರೆ ಮೂರು-ನಾಲ್ಕು ವಾರಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟು ಕವಾಟ ಉಳಿಸಬಹುದು. ನಮ್ಮಕ್ಕನ ಹೊತ್ತು ಮೀರಿತ್ತು. 2019ರಲ್ಲಿ ಸರ್ಕಾರಿ ಕಾರ್ಡಿನ ಮೇಲೆ ಬೆಂಗಳೂರಿನಲ್ಲಿ ಎದೆ ಬಿಚ್ಚಿ ಹಳೆಯ ಕವಾಟ ತೆಗೆದು ಲೋಹದ ಕವಾಟ ಹಾಕಿದರು.

ಲೋಹದ ಕವಾಟಕ್ಕೆ ಸದ್ದಿದೆ. ರಾತ್ರಿ ಎಲ್ಲ ಮಲಗಿದ ಮೇಲೆ ಪಕ್ಕದಲ್ಲಿದ್ದವರಿಗೆ ಟಿಕ್ ಟಿಕ್ ಕೇಳುತ್ತದೆ. ಸೊಸೆಗೆ, ಅಂದರೆ ಅಕ್ಕನ ಮಗಳಿಗೆ, ಅದು ಕೇಳದಿದ್ದರೆ ನಿದ್ದೆ ಬರುವುದಿಲ್ಲ. “ಅವ್ವನ ಗಡಿಯಾರ” ಅನ್ನುತ್ತಾಳೆ.

ಆ ಕವಾಟದ ಕಷ್ಟ ಒಂದೇ. ನಮ್ಮ ರಕ್ತ ಅದನ್ನು ತನ್ನದು ಎಂದು ಒಪ್ಪುವುದಿಲ್ಲ. ಮೈಯೊಳಗೆ ಹೊರಗಿನ ವಸ್ತು ಕಂಡರೆ ಅಲ್ಲಿ ಹೆಪ್ಪುಗಟ್ಟಲು ನೋಡುತ್ತದೆ. ಕವಾಟದ ಮೇಲೆ ಹೆಪ್ಪು ಕೂತರೆ ಅದು ತೆರೆದು ಮುಚ್ಚುವುದು ನಿಲ್ಲಬಹುದು, ಅಥವಾ ಹೆಪ್ಪಿನ ಚೂರು ಕಿತ್ತುಕೊಂಡು ಮಿದುಳಿಗೆ ಹೋದರೆ ಲಕ್ವಾ. ಅದಕ್ಕೇ ಜೀವನಪೂರ್ತಿ ರಕ್ತ ಬೇಗ ಹೆಪ್ಪುಗಟ್ಟದಂತೆ ಮಾಡುವ ಗುಳಿಗೆ. ನಮ್ಮ ಕಡೆ ಹೆಚ್ಚಾಗಿ ಕೊಡುವುದು ಅಸೆನೊಕೌಮರಾಲ್, ಕೆಲವರಿಗೆ ವಾರ್ಫರಿನ್. “ರಕ್ತ ತೆಳ್ಳಗ ಮಾಡೋ ಗುಳಿಗಿ” ಎಂದು ಎಲ್ಲರೂ ಕರೆಯುತ್ತೇವೆ. ರಕ್ತ ನಿಜವಾಗಿ ನೀರಾಗುವುದಿಲ್ಲ, ಅಷ್ಟೇ ದಪ್ಪ ಇರುತ್ತದೆ. ಹೆಪ್ಪುಗಟ್ಟಲು ತಡ ಮಾಡುತ್ತದೆ ಅಷ್ಟೆ.

ಎಷ್ಟು ತಡ ಎಂದು ಅಳೆಯುವ ರಕ್ತ ಪರೀಕ್ಷೆಯ ಹೆಸರು ಐಎನ್‌ಆರ್. ಗುಳಿಗೆ ತಿನ್ನದ ನಿಮ್ಮಲ್ಲಿ, ನನ್ನಲ್ಲಿ ಅದು 1ರ ಆಸುಪಾಸು. ಅಕ್ಕನದು 2.5ರಿಂದ 3.5ರ ನಡುವೆ ಇರಬೇಕೆಂದು ಡಾಕ್ಟರರು ಬರೆದುಕೊಟ್ಟಿದ್ದಾರೆ. ಯಾವ ಕವಾಟ, ಹೃದಯದ ಯಾವ ಜಾಗ ಎನ್ನುವುದರ ಮೇಲೆ ಇದು ಬೇರೆಯಾಗುತ್ತದೆ, ಹಾಗಾಗಿ ನಿಮ್ಮ ಮನೆಯವರ ಚೀಟಿಯಲ್ಲಿರುವ ಅಂಕಿಯನ್ನೇ ನೋಡಿ. ಕೆಳಗಿಳಿದರೆ ಹೆಪ್ಪಿನ ಭಯ, ಮೇಲೇರಿದರೆ ರಕ್ತ ಸೋರುವ ಭಯ. ಒಡ್ಡಿನ ಮೇಲೆ ನಡೆದ ಹಾಗೆ, ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕೆಸರು.

2023ರ ಬೇಸಿಗೆಯಲ್ಲಿ ಅಕ್ಕ ಬೆಂಗಳೂರಿನ ಶೆಡ್ಡಿನಿಂದ ಫೋನ್ ಮಾಡಿದಳು. “ಹಲ್ಲು ತಿಕ್ಕಿದ್ರ ಬಾಯಿ ತುಂಬ ರಕ್ತ ಬರ್ತೈತಿ ತಮ್ಮಾ.” ಮೊಣಕಾಲ ಕೆಳಗೆ ಏನೂ ಬಡಿಯದೆ ನೀಲಿ ಕಲೆ ಎದ್ದಿತ್ತು. ಇನ್ನೊಂದು ಸಂಗತಿ ತಮ್ಮನಿಗೆ ಹೇಳಲು ನಾಚಿ ಅವ್ವನಿಗೆ ಹೇಳಿದ್ದಳು: ಮುಟ್ಟು ನಿಂತಿರಲಿಲ್ಲ, ಹನ್ನೊಂದನೆಯ ದಿನ. ಮಾವ ಅವಳನ್ನು ಆಸ್ಪತ್ರೆಗೆ ಕರೆದೊಯ್ದಾಗ ಐಎನ್‌ಆರ್ 6.8 ಬಂತು. ಎರಡು ರಾತ್ರಿ ಇಟ್ಟುಕೊಂಡು, ಗುಳಿಗೆ ನಿಲ್ಲಿಸಿ, ಇಳಿದ ಮೇಲೆ ಪ್ರಮಾಣ ಕಡಿಮೆ ಮಾಡಿ ಕಳಿಸಿದರು.

ಈಗ ನನ್ನ ತಪ್ಪು. ಆ ಚಳಿಗಾಲದಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಹಾಕಿದ್ದೆ. ಖಾಲಿ ಹೊಟ್ಟೆಯಲ್ಲಿ ನಾಲ್ಕು ಎಸಳು ಹಸಿ ಬಳ್ಳೊಳ್ಳಿ ತಿಂದರೆ ಹೃದಯಕ್ಕೆ ಒಳ್ಳೆಯದು, ಬ್ಲಾಕ್ ಕರಗುತ್ತದೆ ಎಂದು ಅದರಲ್ಲಿ ಒಬ್ಬರು ಹೇಳುತ್ತಿದ್ದರು. ಪತ್ರಿಕೋದ್ಯಮ ಓದಿದ ತಮ್ಮ ಕಳಿಸಿದ್ದಾನೆ ಅಂದ ಮೇಲೆ ಸುಳ್ಳಿರುತ್ತದೆಯೇ? ಅಕ್ಕ ದಿನಾ ತಿಂದಿದ್ದಾಳೆ. ಇದರ ಜೊತೆಗೆ ಇಟ್ಟಿಗೆ ಹೊತ್ತು ಸೊಂಟ ಹಿಡಿದಾಗ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ. ಇದ್ಯಾವುದನ್ನೂ ಅವಳು ಆಸ್ಪತ್ರೆಯಲ್ಲಿ ಹೇಳಿರಲಿಲ್ಲ. ಬಳ್ಳೊಳ್ಳಿ ಔಷಧಿಯೇ ಅಲ್ಲವಲ್ಲ, ಹೇಳುವುದೇನು?

ಊರಿಗೆ ಬಂದಳು. ಮಳೆ ಬಿತ್ತು. ಹೊಲದ ತುಂಬ ತಪ್ಪಲು. ಕಡಿಮೆ ಮಾಡಿದ ಗುಳಿಗೆಯನ್ನೇ ತಪ್ಪದೆ ನುಂಗುತ್ತಿದ್ದಳು. ಆ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿತ್ತು, ಅದೊಂದು ಒಳ್ಳೆಯದಾಯಿತು. ದೇವದುರ್ಗದಿಂದ ರಾಯಚೂರಿಗೆ ಹೋಗಿ ಪರೀಕ್ಷೆ ಮಾಡಿಸಲು ಒಂದು ದಿನದ ಕೂಲಿ ಹೋಗುತ್ತದೆ, ಮೇಲೆ ಬಸ್ಸಿನ ದುಡ್ಡೂ ಆದರೆ ಅವಳು ಇನ್ನೂ ಒಂದು ತಿಂಗಳು ಮುಂದೂಡುತ್ತಿದ್ದಳು. ಹೋದಳು. ಐಎನ್‌ಆರ್ 1.4. ಅಂದರೆ ಗುಳಿಗೆ ತಿಂದೂ ತಿನ್ನದವರ ಹತ್ತಿರ ಬಂದಿದ್ದಳು. ಆ ದಿನ ಡಾಕ್ಟರು ಕೇಳಿದ ಪ್ರಶ್ನೆಯೇ ಮೇಲೆ ನಾನು ಬರೆದಿದ್ದು.

ಅವರು ಇನ್ನೊಂದನ್ನೂ ಕೇಳಿದರು. “ಕವಾಟದ ಸಪ್ಪಳ ಮೊದಲಿನಂಗ ಐತೇನು, ಮಂದ ಆಗೇತೇನು?” ಅಕ್ಕನಿಗೆ ಗೊತ್ತಿರಲಿಲ್ಲ, ಅವಳಿಗೆ ಅದು ರೂಢಿಯಾಗಿ ಕೇಳುವುದೇ ನಿಂತುಹೋಗಿತ್ತು. ಮೂಲೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಸೊಸೆ ಹೇಳಿದಳು, “ಹಂಗ ಐತ್ರೀ. ರಾತ್ರಿ ಕೇಳೀನಿ.” ಸದ್ದು ಮಂದವಾದರೆ ಕವಾಟದ ಮೇಲೆ ಹೆಪ್ಪು ಕೂತಿರಬಹುದು, ಕೂಡಲೇ ಓಡಬೇಕು. ಎಕೋ ಮಾಡಿ ನೋಡಿದರು, ಹೆಪ್ಪು ಇರಲಿಲ್ಲ. ಐಎನ್‌ಆರ್ ಏರುವವರೆಗೆ ಕೆಲವು ದಿನ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟರು.

ಆ ಇಂಜೆಕ್ಷನ್ನಿನ ದಿನಗಳಲ್ಲಿ ನಾನು ರಾಯಚೂರಿನಲ್ಲೇ ಉಳಿದು ಈ ಸೊಪ್ಪು ಮತ್ತು ಗುಳಿಗೆಯ ಜಗಳ ಏನು ಎಂದು ಓದಲು ಕೂತೆ. ವಿಡಿಯೊ ಹಾಕುವ ಮೊದಲು ಮಾಡಬೇಕಿದ್ದ ಕೆಲಸ.

ನಮ್ಮ ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನುಗಳಿವೆ. ಅವನ್ನು ತಯಾರಿಸುವುದು ಯಕೃತ್ತು. ಆದರೆ ಅವುಗಳಲ್ಲಿ ನಾಲ್ಕು ಮುಖ್ಯವಾದವು ಬರಿದೇ ತಯಾರಾದರೆ ಸಾಲದು, ಗಾಯದ ಜಾಗದಲ್ಲಿ ಹಿಡಿದು ನಿಲ್ಲಲು ಅವಕ್ಕೆ ಕೊಂಡಿ ಬೇಕು. ಆ ಕೊಂಡಿ ಕೆತ್ತುವ ಕುಡುಗೋಲು ವಿಟಮಿನ್ ಕೆ. ಒಂದು ಕೊಂಡಿ ಕೆತ್ತಿದ ಮೇಲೆ ಕುಡುಗೋಲು ಮೊಂಡಾಗುತ್ತದೆ. ದೇಹ ಅದಕ್ಕೆ ಸಾಣೆ ಹಿಡಿದು ಮತ್ತೆ ಬಳಸುತ್ತದೆ. ಅಕ್ಕನ ಗುಳಿಗೆ ಮಾಡುವ ಕೆಲಸ ಆ ಸಾಣೆಕಲ್ಲನ್ನು ಕಸಿದುಕೊಳ್ಳುವುದು. ಕುಡುಗೋಲುಗಳೆಲ್ಲ ಮೊಂಡಾಗಿ ಬೀಳುತ್ತವೆ, ಕೊಂಡಿಯಿಲ್ಲದ ಪ್ರೋಟೀನು ಕೆಲಸಕ್ಕೆ ಬಾರದು, ರಕ್ತ ತಡವಾಗಿ ಹೆಪ್ಪುಗಟ್ಟುತ್ತದೆ.

ಈಗ ಒಂದು ಬುಟ್ಟಿ ಸೊಪ್ಪು ಬೇಯಿಸಿ ಉಂಡಿರಿ ಅನ್ನಿ. ಹಸಿರು ಎಲೆಯಲ್ಲಿ ವಿಟಮಿನ್ ಕೆ ತುಂಬಿರುತ್ತದೆ. ಸಾಣೆಕಲ್ಲು ಇಲ್ಲದಿದ್ದರೇನು, ಹೊಸ ಕುಡುಗೋಲೇ ಬಂದವಲ್ಲ! ಗುಳಿಗೆಯ ಕೆಲಸ ಅಷ್ಟರಮಟ್ಟಿಗೆ ಕೆಡುತ್ತದೆ. ಮತ್ತೆ ಅನ್ನ-ಸಾರಿನ ಮೇಲೆ ಮೂರು ತಿಂಗಳು ಬದುಕಿದರೆ ಹೊಸ ಕುಡುಗೋಲು ಬರುವುದಿಲ್ಲ, ಅದೇ ಗುಳಿಗೆ ಎರಡರಷ್ಟು ಜೋರಾದಂತೆ ಕಾಣುತ್ತದೆ. ಅಕ್ಕನ 6.8 ಮತ್ತು 1.4 ಎರಡರ ಹಿಂದೆಯೂ ಗುಳೆಯ ಬಸ್ಸಿತ್ತು. ಬೆಂಗಳೂರಿನ ಊಟಕ್ಕೆ ಹೊಂದಿಸಿದ ಗುಳಿಗೆಯನ್ನು ದೇವದುರ್ಗದ ಊಟದ ಜೊತೆ ನುಂಗಿದ್ದಳು.

ವಿಟಮಿನ್ ಕೆ ಸಿಕ್ಕಿದ್ದು ಕೋಳಿಮರಿಗಳಿಂದ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹೆನ್ರಿಕ್ ಡ್ಯಾಮ್ ಎಂಬ ವಿಜ್ಞಾನಿ ಕೊಬ್ಬಿಲ್ಲದ ಆಹಾರ ಹಾಕಿ ಮರಿ ಸಾಕುತ್ತಿದ್ದರು. ಮರಿಗಳ ಚರ್ಮದಡಿ ರಕ್ತ ಸೋರತೊಡಗಿತು. ಹಸಿರು ಸೊಪ್ಪಿನಲ್ಲಿರುವ ಏನೋ ಒಂದು ಅದನ್ನು ನಿಲ್ಲಿಸುತ್ತಿತ್ತು. ಹೆಪ್ಪುಗಟ್ಟುವುದಕ್ಕೆ ಅವರ ಭಾಷೆಯಲ್ಲಿ ‘ಕೊಯಾಗುಲೇಷನ್’, ಕ ಅಕ್ಷರದಿಂದ ಶುರು. ಹಾಗಾಗಿ 1935ರಲ್ಲಿ ಅದಕ್ಕೆ ವಿಟಮಿನ್ ಕೆ ಎಂದು ಹೆಸರಿಟ್ಟರು. ಅದನ್ನು ಬೇರ್ಪಡಿಸಿದ್ದು ಲೂಸರ್ನ್‌ನಿಂದ, ನಾವು ಕುದುರೆ ಮಸಾಲೆ ಎಂದು ದನಕ್ಕೆ ಬೆಳೆಯುತ್ತೇವಲ್ಲ, ಅದೇ ಮೇವು. 1943ರ ನೊಬೆಲ್ ಪ್ರಶಸ್ತಿ ಡ್ಯಾಮ್ ಮತ್ತು ಅಮೆರಿಕದ ಎಡ್ವರ್ಡ್ ಡಾಯ್ಸಿ ಇಬ್ಬರಿಗೂ ಹೋಯಿತು.

ಗುಳಿಗೆಯ ಕಥೆ ಇನ್ನೂ ಹತ್ತಿರದ್ದು ಅನ್ನಿಸಿತು, ಯಾಕೆಂದರೆ ಅದು ಒಬ್ಬ ರೈತನ ದನದ ಕಥೆ. 1920ರ ದಶಕದಲ್ಲಿ ಅಮೆರಿಕ, ಕೆನಡಾದ ಬಯಲಲ್ಲಿ ರೈತರು ಸ್ವೀಟ್ ಕ್ಲೋವರ್ ಎಂಬ ಮೇವು ಬೆಳೆಯುತ್ತಿದ್ದರು. ಮಳೆ ಹೆಚ್ಚಾದ ವರ್ಷ ಬಣವೆ ನೆನೆದು ಬೂಸ್ಟು ಹಿಡಿಯುತ್ತಿತ್ತು. ಬಡ ರೈತ ಬೂಸ್ಟು ಹಿಡಿದ ಮೇವನ್ನು ಚೆಲ್ಲುತ್ತಾನೆಯೇ? ದನಕ್ಕೇ ಹಾಕಿದರು. ಕೊಂಬು ಕತ್ತರಿಸಿದರೆ, ಬೀಜ ಒಡೆಸಿದರೆ ದನಗಳ ರಕ್ತ ನಿಲ್ಲದೆ ಸುರಿದು ಸಾಯುತ್ತಿದ್ದವು. ಬೂಸ್ಟು ಹಿಡಿದ ಮೇವೇ ಕಾರಣ ಎಂದು ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿದರು. ಏನು ವಸ್ತು ಎಂದು ತಿಳಿದಿರಲಿಲ್ಲ. 1933ರ ಫೆಬ್ರುವರಿಯಲ್ಲಿ, ಹಿಮಗಾಳಿ ಬೀಸುತ್ತಿದ್ದಾಗ, ವಿಸ್ಕಾನ್ಸಿನ್‌ನ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಪಡ್ಡೆ ಹಸು, ಬೂಸ್ಟು ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ ಹೇರಿಕೊಂಡು ಸುಮಾರು 300 ಕಿಲೋಮೀಟರ್ ದೂರದ ಮ್ಯಾಡಿಸನ್ ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಬಾಗಿಲು ತಟ್ಟಿದ. ಆರು ವರ್ಷ ಹಿಡಿದು ಲಿಂಕ್ ಅವರ ತಂಡ 1939ರಲ್ಲಿ ಆ ವಸ್ತುವನ್ನು ಹರಳಾಗಿ ಹಿಡಿಯಿತು. ಡೈಕೌಮರಾಲ್.

ಆ ಮೇವಿನಲ್ಲಿ ಮೊದಲೇ ಇದ್ದದ್ದು ಕೌಮರಿನ್, ಹೊಸದಾಗಿ ಕೊಯ್ದ ಹುಲ್ಲಿನ ಸಿಹಿ ವಾಸನೆ ಕೊಡುವ ವಸ್ತು. ಅದರಿಂದ ರಕ್ತಕ್ಕೆ ಏನೂ ಆಗುವುದಿಲ್ಲ. ಬೂಸ್ಟು ಅದನ್ನು ಡೈಕೌಮರಾಲ್ ಆಗಿ ಬದಲಿಸಿದಾಗಲೇ ಅಪಾಯ. ಇದನ್ನು ಯಾಕೆ ಹೇಳುತ್ತೇನೆಂದರೆ ಚಕ್ಕೆಯಲ್ಲಿ ಕೌಮರಿನ್ ಇದೆ, ಅದು ರಕ್ತ ತೆಳ್ಳಗೆ ಮಾಡುತ್ತದೆ ಎಂದು ಹೇಳುವ ವಿಡಿಯೊಗಳೂ ಇವೆ. ಇಲ್ಲ. ಮಸಾಲೆಗೆ ಹಾಕುವ ಚೂರು ಚಕ್ಕೆಯಿಂದ ಏನಾಗದು. ಕೌಮರಿನ್ ತುಂಬ ತಿಂದರೆ ಕೆಲವರ ಯಕೃತ್ತಿಗೆ ತೊಂದರೆ, ಅದು ಬೇರೆ ಮಾತು.

ಡೈಕೌಮರಾಲ್‌ನಿಂದ ಮುಂದೆ ಹುಟ್ಟಿದ್ದು ವಾರ್ಫರಿನ್. 1948ರಲ್ಲಿ ಅದು ಪೇಟೆಗೆ ಬಂದಿದ್ದು ಇಲಿ ಪಾಷಾಣವಾಗಿ. 1954ರಲ್ಲಿ ಮನುಷ್ಯರ ಔಷಧಿಯಾಯಿತು, ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಕೊಟ್ಟರು.

ಇಲಿ ಪಾಷಾಣ ಎಂದು ಓದಿದಾಗ ನನಗೆ ನಮ್ಮ ಗದ್ದೆ ನೆನಪಾಯಿತು. ಮಾನ್ವಿ, ಸಿಂಧನೂರು ಕಡೆ ಭತ್ತ ತೆನೆ ಕಟ್ಟುವ ಹೊತ್ತಿಗೆ ಬದುವಿನ ಬಿಲಕ್ಕೆ ಹಾಕುವ ಕೇಕು ಇದೆಯಲ್ಲ, ಬ್ರೊಮಾಡಿಯೊಲೋನ್, ಅದು ವಾರ್ಫರಿನ್ನಿನ ತಮ್ಮನೇ. ತಮ್ಮ ಅಂದರೂ ಅಣ್ಣನಿಗಿಂತ ಬಹಳ ಬಲಿಷ್ಠ. ಇಲಿಯ ದೇಹದಲ್ಲೂ ಅದೇ ಸಾಣೆಕಲ್ಲನ್ನು ಕಸಿಯುತ್ತದೆ. ಇಲಿ ತಿಂದ ಕೂಡಲೇ ಸಾಯುವುದಿಲ್ಲ, ನಾಲ್ಕಾರು ದಿನ ಬಿಟ್ಟು ಸಾಯುತ್ತದೆ, ಯಾಕೆಂದರೆ ರಕ್ತದಲ್ಲಿ ಮೊದಲೇ ಕೊಂಡಿ ಕೆತ್ತಿಟ್ಟ ಪ್ರೋಟೀನು ಖರ್ಚಾಗುವವರೆಗೆ ಎಲ್ಲ ಸರಿಯಿರುತ್ತದೆ. ಮನುಷ್ಯರಲ್ಲೂ ಹಾಗೇ. ಮಗು ಆಡುತ್ತಾ ಆ ಕೇಕು ಬಾಯಿಗೆ ಹಾಕಿಕೊಂಡರೆ “ಏನೂ ಆಗಿಲ್ಲ, ಆರಾಮ ಐತಿ” ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಎರಡು-ಮೂರು ದಿನದ ಮೇಲೆ ರಕ್ತಸ್ರಾವ ಶುರುವಾಗಬಹುದು. ಕೇಕಿನ ಪೊಟ್ಟಣ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಇದಕ್ಕೆ ಮದ್ದು ವಿಟಮಿನ್ ಕೆ, ಆದರೆ ಸೊಪ್ಪು ತಿನ್ನಿಸಿದರೆ ಸಾಲದು. ಡಾಕ್ಟರು ಕೊಡುವ ಮದ್ದೇ ಬೇಕು, ಕೆಲವರಿಗೆ ತಿಂಗಳುಗಟ್ಟಲೆ.

ಅಕ್ಕನಿಗೆ ಇದನ್ನು ಹೇಳಿದ್ದು ನಾನು ಮಾಡಿದ ಎರಡನೇ ತಪ್ಪು. “ಅಂದ್ರ ನಾನು ದಿನಾ ಇಲಿ ಪಾಷಾಣ ತಿನ್ನಾಕತ್ತೀನೇನು?” ಎಂದು ಎರಡು ದಿನ ಗುಳಿಗೆ ಮುಟ್ಟಲು ಅಂಜಿದಳು. ಅವ್ವ ಸಮಾಧಾನ ಮಾಡಿದ್ದು ಹೀಗೆ: “ಉಪ್ಪು ಸೇರುಗಟ್ಟಲೆ ತಿಂದ್ರ ಅದೂ ಪಾಷಾಣನ. ಚಿಟಿಕಿ ಹಾಕಿದ್ರ ರುಚಿ. ನುಂಗು ಸುಮ್ನ.” ನಾನು ಓದಿದ್ದಕ್ಕಿಂತ ಅವ್ವನ ಉಪ್ಪೇ ಕೆಲಸಕ್ಕೆ ಬಂತು.

ಇನ್ನು ಊಟದ ವಿಷಯ. ಆಪರೇಷನ್ ಆಗಿ ಮನೆಗೆ ಬರುವಾಗಲೇ ವಾರ್ಡಿನಲ್ಲಿ ಯಾರೋ ಅಕ್ಕನಿಗೆ “ಸೊಪ್ಪು ತಿನ್ನಬೇಡ” ಎಂದಿದ್ದರಂತೆ. ಮೊದಲ ವರ್ಷ ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಉಣ್ಣಲು ಕೂತಾಗ ಅವಳು ರೊಟ್ಟಿಗೆ ಬರೀ ಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದಿದ್ದು ನನಗೆ ನೆನಪಿದೆ. ಪುಂಡಿಪಲ್ಯದ ಬೋಗುಣಿಯನ್ನು ದೂರ ಸರಿಸಿದ್ದಳು. ಎಷ್ಟು ದಿನ ಹಾಗಿರುವುದು? ನಮ್ಮ ಕಡೆ ಸೊಪ್ಪು ಬಿಟ್ಟರೆ ಬಡವರ ಬುಟ್ಟಿಯಲ್ಲಿ ಏನು ಉಳಿಯುತ್ತದೆ? ಎರಡನೇ ವರ್ಷದಿಂದ ತಿನ್ನತೊಡಗಿದಳು, ಕದ್ದು ತಿಂದವರಂತೆ, ಯಾರಿಗೂ ಹೇಳದೆ.

ಡಾಕ್ಟರು ಹೇಳಿದ್ದು ಬೇರೆಯೇ. ಸೊಪ್ಪು ಬಿಡಬೇಡಿ. ಒಂದೇ ಅಳತೆಯಲ್ಲಿ ತಿನ್ನಿ. ವಾರಕ್ಕೆ ನಾಲ್ಕು ದಿನ ಒಂದು ಬಟ್ಟಲು ಅಂದರೆ ಮಳೆಗಾಲದಲ್ಲೂ ಅಷ್ಟೇ, ಬೇಸಿಗೆಯಲ್ಲೂ ಅಷ್ಟೇ, ದೇವದುರ್ಗದಲ್ಲೂ ಅಷ್ಟೇ, ಬೆಂಗಳೂರಿನಲ್ಲೂ ಅಷ್ಟೇ. “ನೀವು ಉಣ್ಣೋದಕ್ಕ ನಾನು ಗುಳಿಗಿ ಹೊಂದಸ್ತೀನಿ. ನೀವು ಉಣ್ಣೋದು ದಿನಾ ಬದಲಾದ್ರ ನಾ ಏನ್ ಹೊಂದಸ್ಲಿ?” ಸೊಪ್ಪನ್ನು ಪೂರ್ತಿ ಬಿಟ್ಟವರಿಗೇ ಐಎನ್‌ಆರ್ ಹೆಚ್ಚು ಅಲ್ಲಾಡುವುದುಂಟು. ಕಣಜ ಖಾಲಿ ಇದ್ದ ಮನೆಯಲ್ಲಿ ಒಂದು ಸೇರು ಬಂದರೂ ಗೊತ್ತಾಗುತ್ತದೆ, ತುಂಬಿದ ಮನೆಯಲ್ಲಿ ಗೊತ್ತಾಗುವುದಿಲ್ಲ. 2007ರಲ್ಲಿ ಇಂಗ್ಲೆಂಡಿನ ವೈದ್ಯರು, ಐಎನ್‌ಆರ್ ಸದಾ ಏರಿಳಿಯುತ್ತಿದ್ದ 70 ಜನರನ್ನು ಆರಿಸಿ, ಅರ್ಧದಷ್ಟು ಮಂದಿಗೆ ದಿನಾ 150 ಮೈಕ್ರೋಗ್ರಾಂ ವಿಟಮಿನ್ ಕೆ ಕೊಟ್ಟು ಆರು ತಿಂಗಳು ನೋಡಿದರು. ಕೆ ತಿಂದವರ ಐಎನ್‌ಆರ್ ಹೆಚ್ಚು ಸ್ಥಿರವಾಗಿತ್ತು. ಆಮೇಲಿನ ಪ್ರಯೋಗಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ, ಹಾಗಾಗಿ ನೀವಾಗಿಯೇ ವಿಟಮಿನ್ ಕೆ ಮಾತ್ರೆ ತೆಗೆದುಕೊಳ್ಳಲು ಹೋಗಬೇಡಿ. ಆದರೆ ಕೆ ಅನ್ನೋದು ಹಗೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಯಾವುದರಲ್ಲಿ ಎಷ್ಟು? ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 55ರಿಂದ 120 ಮೈಕ್ರೋಗ್ರಾಂ ಎಂದು ಬೇರೆ ಬೇರೆ ದೇಶಗಳ ಲೆಕ್ಕ. ನೂರು ಗ್ರಾಂ ಹಸಿ ಪಾಲಕದಲ್ಲಿ ಸುಮಾರು 480 ಇದೆ, ಕೊತ್ತಂಬರಿಯಲ್ಲಿ 300ರ ಮೇಲೆ, ಎಲೆಕೋಸಿನಲ್ಲಿ 75ರ ಹತ್ತಿರ, ಬೆಂಡೆಕಾಯಿಯಲ್ಲಿ 30ರಷ್ಟು, ಬದನೆಕಾಯಿಯಲ್ಲಿ ನಾಲ್ಕೂ ಇಲ್ಲ. ಅನ್ನದಲ್ಲಿ ಇಲ್ಲವೆಂದೇ ಹೇಳಬೇಕು. ಕಡು ಹಸಿರು ಎಲೆ ಎಂದರೆ ಹೆಚ್ಚು ಕೆ, ಇಷ್ಟು ನೆನಪಿಟ್ಟರೆ ಸಾಕು. ಒಗ್ಗರಣೆಗೆ ನಾಲ್ಕು ಎಲೆ ಕೊತ್ತಂಬರಿ ಉದುರಿಸಿದರೆ ಲೆಕ್ಕವಿಲ್ಲ, ಬಟ್ಟಲು ತುಂಬ ಕೊತ್ತಂಬರಿ ಚಟ್ನಿ ತಿಂದರೆ ಲೆಕ್ಕವಿದೆ.

ಅಕ್ಕ ಒಂದು ಉಪಾಯ ಮಾಡಿದ್ದಳು. ಪುಂಡಿಪಲ್ಯವನ್ನು ಕುದಿಸಿ ಹುಳಿನೀರು ಬಸಿದು ಚೆಲ್ಲಿದರೆ “ಕೆ” ಹೋಗುತ್ತದೆ ಎಂದುಕೊಂಡಿದ್ದಳು. ಹೋಗುವುದಿಲ್ಲ. ವಿಟಮಿನ್ ಕೆ ನೀರಿನಲ್ಲಿ ಕರಗುವುದಲ್ಲ, ಎಣ್ಣೆಯಲ್ಲಿ ಕರಗುವುದು, ಕುದಿಗೂ ಜಗ್ಗುವುದಿಲ್ಲ. ಬಸಿದ ನೀರಿನಲ್ಲಿ ಹೋಗುವುದು ಹುಳಿ ಮತ್ತು ಬೇರೆ ಸತ್ವ. ಇನ್ನು ಹುಳಿ ತಿಂದರೆ ರಕ್ತ ನೀರಾಗುತ್ತದೆ ಎಂಬ ಮಾತು ನಮ್ಮ ಓಣಿಯಲ್ಲೂ ಇದೆ. ಪುಂಡಿಯ ಹುಳಿಗೂ ಐಎನ್‌ಆರ್‌ಗೂ ಸಂಬಂಧವಿಲ್ಲ. ಎಲೆಯ ಹಸಿರಿಗೆ ಇದೆ.

ಬಳ್ಳೊಳ್ಳಿಯದು ಬೇರೆ ದಾರಿ. ಅದಕ್ಕೂ ವಿಟಮಿನ್ ಕೆಗೂ ಸಂಬಂಧವಿಲ್ಲ. ಗಾಯವಾದಾಗ ಮೊದಲು ಓಡಿಬಂದು ತೂತು ಮುಚ್ಚುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳಿವೆ, ಡೆಂಗಿ ಬಂದಾಗ ಎಲ್ಲರೂ ಕೇಳುವ ಅದೇ ಪ್ಲೇಟ್‌ಲೆಟ್. ಹಸಿ ಬಳ್ಳೊಳ್ಳಿಯನ್ನು ಜಜ್ಜಿದಾಗ ಹುಟ್ಟುವ ಗಂಧಕದ ವಸ್ತುಗಳು ಈ ಕಣಗಳು ಒಂದಕ್ಕೊಂದು ಅಂಟುವುದನ್ನು ಸ್ವಲ್ಪ ತಡೆಯುತ್ತವೆ. ಶುಂಠಿ, ಅರಿಷಿಣದ ಬಗ್ಗೆಯೂ ಪ್ರಯೋಗಾಲಯದಲ್ಲಿ ಇಂಥದೇ ಗುಣ ಕಂಡಿದ್ದಾರೆ. ಒಗ್ಗರಣೆಯ, ಚಟ್ನಿಯ ಪ್ರಮಾಣಕ್ಕೆ ಹೆದರಬೇಕಿಲ್ಲ. ದಿನಾ ಮುಷ್ಟಿಯಷ್ಟು ಹಸಿಯಾಗಿ ತಿನ್ನುವುದು, ಅದರ ಕ್ಯಾಪ್ಸೂಲು, ಪುಡಿ, ರಸ ಕುಡಿಯುವುದು ಬೇರೆ. ಗುಳಿಗೆ ಒಂದು ಕಡೆಯಿಂದ ಕೊಂಡಿ ತಪ್ಪಿಸುತ್ತಿರುವಾಗ ಇದು ಇನ್ನೊಂದು ಕಡೆಯಿಂದ ಅಂಟು ತಪ್ಪಿಸಿದರೆ ತೂತು ಮುಚ್ಚುವವರಾರು? ಮೋಸವೇನೆಂದರೆ ಪ್ಲೇಟ್‌ಲೆಟ್ ಸುದ್ದಿ ಐಎನ್‌ಆರ್ ಚೀಟಿಯಲ್ಲಿ ಕಾಣುವುದಿಲ್ಲ. ಚೀಟಿ ಸರಿಯಿದ್ದೂ ರಕ್ತ ಸೋರಬಹುದು.

ನನ್ನ ಬಳ್ಳೊಳ್ಳಿ ಅಕ್ಕನ ರಕ್ತಸ್ರಾವಕ್ಕೆ ಎಷ್ಟು ಕಾರಣ, ಸೊಪ್ಪಿಲ್ಲದ ಊಟ ಎಷ್ಟು ಕಾರಣ, ನೋವಿನ ಗುಳಿಗೆ ಎಷ್ಟು ಕಾರಣ ಎಂದು ಡಾಕ್ಟರನ್ನು ಕೇಳಿದೆ. “ಮೂರನ್ನೂ ಕೂಡಿಸಿ ತಿಂದಾರ, ಬಿಡಿಸಿ ಹೆಂಗ ಹೇಳ್ಲಿ” ಅಂದರು. ಆದರೆ ನೋವಿನ ಗುಳಿಗೆಯ ಬಗ್ಗೆ ಮಾತ್ರ ದನಿ ಏರಿಸಿದರು. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಇವನ್ನು ಕೇಳದೆ ಮುಟ್ಟಬಾರದು. ಆಸ್ಪಿರಿನ್ನಿನ ಮೂಲವೂ ಗಿಡವೇ, ವಿಲ್ಲೋ ಮರದ ತೊಗಟೆಯ ಸತ್ವವನ್ನು ಬದಲಿಸಿ ಮಾಡಿದ್ದು. ಒಮ್ಮೆ ಆಸ್ಪಿರಿನ್ ತಾಕಿದ ಪ್ಲೇಟ್‌ಲೆಟ್ ತಾನು ಬದುಕಿರುವ ವಾರ-ಹತ್ತು ದಿನವೂ ಸುಧಾರಿಸುವುದಿಲ್ಲ. ಕೆಲವರಿಗೆ ಡಾಕ್ಟರರೇ ಬೇಕೆಂದು ಬರೆದಿರುತ್ತಾರೆ, ಅದನ್ನು ನಿಲ್ಲಿಸಬೇಡಿ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಕೂಡ ಐಎನ್‌ಆರ್ ಏರಿಸುತ್ತದೆ. ಭೇದಿಗೆ ಮೆಡಿಕಲ್ ಅಂಗಡಿಯಲ್ಲಿ ಎರಡು ಗುಳಿಗೆ ಕೇಳಿ ತರುವ ನಮ್ಮ ರೂಢಿ ನಿಮಗೆ ಗೊತ್ತು.

ಪರೀಕ್ಷೆಯ ಗೋಜೇ ಇಲ್ಲದ ಹೊಸ ಗುಳಿಗೆ ಬಂದಿವೆಯಲ್ಲ, ಅವನ್ನೇ ಕೊಡಿ ಎಂದು ಮಾವ ಕೇಳಿದ. ಲೋಹದ ಕವಾಟದವರಿಗೆ ಅವು ಆಗುವುದಿಲ್ಲ. ಅಂಥ ಒಂದು ಗುಳಿಗೆಯನ್ನು ಕವಾಟದವರಿಗೆ ಕೊಟ್ಟು ನೋಡಿದ ಪ್ರಯೋಗವನ್ನು ಹೆಪ್ಪು ಮತ್ತು ರಕ್ತಸ್ರಾವ ಎರಡೂ ಹೆಚ್ಚಾದ್ದರಿಂದ 2012ರಲ್ಲಿ ನಡುವೆಯೇ ನಿಲ್ಲಿಸಿದರು. ಇನ್ನೊಂದು ಮಾತನ್ನು ಡಾಕ್ಟರು ಮಾವನನ್ನು ಕೂರಿಸಿಕೊಂಡೇ ಹೇಳಿದರು: ಇನ್ನೊಂದು ಮಗು ಬೇಕೆನ್ನಿಸಿದರೆ ಮೊದಲು ಇಲ್ಲಿಗೆ ಬರಬೇಕು, ಮುಟ್ಟು ತಪ್ಪಿದ ಮೇಲೆ ಅಲ್ಲ. ಈ ಗುಳಿಗೆ ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಕೂಸಿಗೆ ಕೆಡುಕು ಮಾಡಬಹುದು. ಹಾಗಂತ ತಾನಾಗಿ ನಿಲ್ಲಿಸಿದರೆ ತಾಯಿಗೇ ಅಪಾಯ. ನಮ್ಮ ಓಣಿಯಲ್ಲಿ ಈ ಮಾತನ್ನು ಗಂಡಸರ ಮುಂದೆ ಆಡುವವರಿಲ್ಲ, ಅವರು ಆಡಿದ್ದು ಒಳ್ಳೆಯದಾಯಿತು.

ಈಗ ಅಕ್ಕನ ಬಳಿ ಒಂದು ನೋಟ್‌ಬುಕ್ ಇದೆ, ಸೊಸೆಯ ಕನ್ನಡ ಕಾಪಿಯ ಹಿಂದಿನ ಹಾಳೆಗಳು. ಅಕ್ಕನಿಗೆ ಬರೆಯಲು ಬರುವುದಿಲ್ಲ, ಮಗಳು ಬರೆಯುತ್ತಾಳೆ. ತಾರೀಖು, ಗುಳಿಗೆ, ಪಲ್ಯ. ಪರೀಕ್ಷೆ ಮಾಡಿಸಿದ ದಿನ ಕೆಂಪು ಪೆನ್ನಿನಲ್ಲಿ ಐಎನ್‌ಆರ್. ರಾಯಚೂರಿಗೆ ಹೋಗುವಾಗ ಅದನ್ನೇ ಒಯ್ಯುತ್ತಾರೆ. ಗುಳೆ ಹೋಗುವ ಮುನ್ನ ಒಂದು ಪರೀಕ್ಷೆ, ಹೋಗಿ ಹದಿನೈದು ದಿನಕ್ಕೆ ಒಂದು, ವಾಪಸ್ಸು ಬಂದ ಮೇಲೆ ಒಂದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಶೆಡ್ಡಿನ ಪಕ್ಕ ಸಿಮೆಂಟು ಚೀಲದಲ್ಲಿ ಮಣ್ಣು ತುಂಬಿ ಅಕ್ಕ ಕಳೆದ ವರ್ಷ ರಾಜಗಿರಿ, ಮೆಂತೆ ಹಾಕಿದ್ದಳು. ಮೇಸ್ತ್ರಿಯ ಆಡು ಒಮ್ಮೆ ಮೇದುಹೋಯಿತು, ಮತ್ತೆ ಬಿತ್ತಿದಳು.

ಹೋದ ವಾರ ಆ ನೋಟ್‌ಬುಕ್ಕಿನ ಫೋಟೊ ಕಳಿಸಿದ್ದರು. ಸೊಸೆಯ ಅಕ್ಷರ ದುಂಡಗಿದೆ. “ಸೋಮವಾರ, ಪುಂಡಿ 1 ಬಟ್ಲ. ಮಂಗಳವಾರ, ಬದ್ನಿಕಾಯಿ. ಬುಧವಾರ, ರಾಜಗಿರಿ 1 ಬಟ್ಲ.” ಕೆಳಗೆ ಕೆಂಪಿನಲ್ಲಿ 2.9. ಅದರ ಕೆಳಗೆ ಯಾರೂ ಹೇಳದಿದ್ದರೂ ತಾನಾಗಿ ಒಂದು ಸಾಲು ಸೇರಿಸಿದ್ದಾಳೆ: “ಗಡಿಯಾರ ಸಪ್ಪಳ ಚೊಲೋ ಐತಿ.”